ಶನಿವಾರಕ್ಕೆ ಹೆದರಿದ ವರ್ಷ

ಹೋದ ವರ್ಷ ಅಕ್ಟೋಬರಿನಲ್ಲಿ ಮಾಗಡಿಯಿಂದ ಕನಕಪುರಕ್ಕೆ ಹೋಗುತ್ತಿದ್ದೆ. ರಾಮನಗರದಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ ಮಳೆ ಹಿಡಿಯಿತು. ದಾರಿಯಲ್ಲಿ ಯಾವುದೋ ಊರಿನ ಮುಂದೆ ಬಸ್ಸು ನಿಂತಿತು. ರಸ್ತೆ ಪಕ್ಕದ ಮನೆಯವರು ಮದುವೆಗೋ ನಾಮಕರಣಕ್ಕೋ ಹಸಿ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಎರಡು ಮೂರು ದಿನದ ಮಳೆಗೆ ನೆನೆದು ಕೊಳೆಯತೊಡಗಿದ ಗರಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು, ‘ವಾಂತಿ ಬತ್ತದೇನಮ್ಮ? ಕಿಟಕಿ ಕಡೆ ಬತ್ತೀರಾ?’ ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಮೂವತ್ತು ವರ್ಷದ ಮೇಲಾಯಿತು. ಇಂಥದೇ ಒಂದು ಚಪ್ಪರದ ಕೆಳಗೆ, ಎಂಟು ತಿಂಗಳ ಬಸುರಿ, ನಾನು ನಾಲ್ಕು ರಾತ್ರಿ ಮಲಗಿದ್ದೆ. ದೇವರು ನಮ್ಮನ್ನು ಇನ್ನೊಮ್ಮೆ ಹೊಡೆಯದಿರಲಿ ಎಂದು.

ನಮ್ಮ ಊರು ಕನಕಪುರದಿಂದ ಕೋಡಿಹಳ್ಳಿಗೆ ಹೋಗುವ ದಾರಿಯಲ್ಲಿ. ಕ್ರೈಸ್ತರದು ಆರೇ ಮನೆ, ಉಳಿದವರೆಲ್ಲ ಒಕ್ಕಲಿಗರು. ನಮಗೆ ಒಂದು ಎಕರೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಒಂದು ಮನೆ, ಒಂದು ಹಸು ಇದ್ದವು. ನಮ್ಮ ಯಜಮಾನರು ಶಾಂತರಾಜು ಹೆಚ್ಚು ಮಾತಿನವರಲ್ಲ. ಭಾನುವಾರ ಊರ ತುದಿಯ ಸಣ್ಣ ಗುಡಿಯಂಥ ಚರ್ಚಿನಲ್ಲಿ ಆರಾಧನೆ, ಕ್ರಿಸ್‌ಮಸ್ಸಿಗೆ ಕಜ್ಜಾಯ, ಈಸ್ಟರಿಗೆ ಕೈಲಾದರೆ ಹೊಸ ಬಟ್ಟೆ. ನಮ್ಮ ಭಕ್ತಿ ಅಷ್ಟೇ ಇತ್ತು. ಅಷ್ಟೇ ಸಾಕು ಅಂತಲೂ ಅಂದುಕೊಂಡಿದ್ದೆವು.

ನಮ್ಮ ಮೊದಲ ಮಗ ಬೆನ್ಯಾಮೀನ. ಬೆನ್ನಿ ಎನ್ನುತ್ತಿದ್ದೆವು. ಹುಳದ ಮನೆಯ ಬಾಗಿಲಲ್ಲಿ ನಿಂತು, ಹುಳ ಸೊಪ್ಪು ತಿನ್ನುವ ಸದ್ದು ಕೇಳಿ, ‘ಅವ್ವಾ, ಒಳಗೆ ಮಳೆ ಬತ್ತಾ ಐತೆ’ ಎನ್ನುತ್ತಿದ್ದ. ಅವನಿಗೆ ನಾಲ್ಕು ತುಂಬಿದ ವರ್ಷ, ಒಂದು ಶನಿವಾರ ಬೆಳಿಗ್ಗೆ ಜ್ವರ ಬಂತು. ಅವತ್ತು ಗೂಡು ಬಿಡಿಸಿ ಚೀಲಕ್ಕೆ ತುಂಬಿ ಆಗಿತ್ತು. ರೇಷ್ಮೆ ಗೂಡು ಕಾಯುವುದಿಲ್ಲ. ತಡವಾದರೆ ಒಳಗಿನ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆಮೇಲೆ ಅದನ್ನು ಯಾರೂ ಕೇಳುವುದಿಲ್ಲ. ಯಜಮಾನರು ಬಗ್ಗಿ ಮಗನ ಹಣೆ ಮುಟ್ಟಿ ನೋಡಿದರು. ‘ಒಸಿ ಬೆಚ್ಚಗೈತೆ, ಅಷ್ಟೇಯ. ಒದ್ದೆ ಬಟ್ಟೆ ಹಾಕ್ತಾ ಇರು. ಸಂಜೆ ಒಳಗೆ ಬಂದ್ಬುಡ್ತೀನಿ’ ಎಂದು ಹೇಳಿ, ಮೊದಲ ಬಸ್ಸಿಗೆ ಚೀಲ ಏರಿಸಿಕೊಂಡು ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದರು.

ಹನ್ನೊಂದು ಗಂಟೆಯ ಹೊತ್ತಿಗೆ ಮಗನಿಗೆ ಜ್ವರದ ಸೆಳೆತ ಶುರುವಾಯಿತು. ಪಕ್ಕದ ಮನೆಯ ಸಾಕಮ್ಮನವರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ನಾನು ಅವನನ್ನು ಎತ್ತಿಕೊಂಡು ರಸ್ತೆಗೆ ಓಡಿದೆ. ಬಸ್ಸಿಗೆ ಕಾಯುತ್ತಾ ನಿಂತಲ್ಲೇ, ನನ್ನ ಹೆಗಲ ಮೇಲೆಯೇ ಅವನ ಉಸಿರು ನಿಂತಿತು. ನಾಲ್ಕು ಗಂಟೆಗೆ ಯಜಮಾನರು ಬಸ್ಸಿಳಿದರು. ಕೈಯಲ್ಲಿ ಮಗನಿಗೆಂದು ತಂದ ಬನ್ನಿನ ಪೊಟ್ಟಣ ಇತ್ತು.

ಅದಾದ ಮೇಲೆ ಒಂದು ವರ್ಷ ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲ. ಹುಳಕ್ಕೆ ಸೊಪ್ಪು ಹಾಕುತ್ತಿದ್ದೆವು, ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು. ‘ಯಾಕ್ ಹಿಂಗಾಯ್ತು’ ಎಂದು ಅವರು ಎಷ್ಟೋ ಸಲ ಗೋಡೆಗೆ ಹೇಳಿಕೊಂಡಿದ್ದನ್ನು ಕೇಳಿಸಿಕೊಂಡಿದ್ದೇನೆ. ನನ್ನನ್ನು ಕೇಳಲಿಲ್ಲ.

ಉತ್ತರ ಸಿಕ್ಕಿದ್ದು ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ. ಯಾರೋ ಬಿಳಿ ಷರಟಿನವರು ಯಜಮಾನರಿಗೆ ಒಂದು ತೆಳ್ಳಗಿನ ಪುಸ್ತಿಕೆ ಕೊಟ್ಟರಂತೆ. ಬೈಬಲಿನ ಮೊದಲ ಭಾಗವಾದ ಮೋಶೆಯ ಧರ್ಮಶಾಸ್ತ್ರವನ್ನು ಅದರಲ್ಲಿ ತೋರಾ ಎಂದು ಬರೆದಿತ್ತು. ದೇವರು ಇಟ್ಟ ಹಬ್ಬಗಳು ಯೆಹೂದ್ಯರಿಗೆ ಮಾತ್ರವಲ್ಲ, ಎಲ್ಲ ಕಾಲದಲ್ಲೂ ಎಲ್ಲ ಭಕ್ತರಿಗೂ ಸೇರಿದವು. ಈಗಿನ ಚರ್ಚುಗಳು ಅವನ್ನು ಬಿಟ್ಟು ತಮ್ಮ ಹಬ್ಬ ಮಾಡಿಕೊಂಡಿವೆ. ಅದಕ್ಕೇ ಮನೆಮನೆಯಲ್ಲಿ ರೋಗ, ಸಾವು ಎಂದಿತ್ತು. ಕೊನೆಯ ಪುಟದಲ್ಲಿ ಆ ವರ್ಷದ ಹಬ್ಬಗಳ ದಿನ ಕೊಟ್ಟಿದ್ದರು. ಮೊದಲನೆಯದು ವಾರ ವಾರವೂ ಬರುವ ಸಬ್ಬತ್. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಹೊತ್ತು ಮುಳುಗುವ ತನಕ ಕೆಲಸ ಕೂಡದು, ಹೊರೆ ಹೊರಬಾರದು, ವ್ಯಾಪಾರ ಮಾಡಬಾರದು.

ಅವರು ಪುಸ್ತಿಕೆಯನ್ನು ನನ್ನ ಮುಂದೆ ಇಟ್ಟು, ಆ ಸಾಲಿನ ಮೇಲೆ ಬೆರಳಿಟ್ಟರು. ‘ಶನಿವಾರ, ರೂತಿ. ನಾನು ಶನಿವಾರ ಹೊರೆ ಹೊತ್ಕೊಂಡು ಮಾರಾಕ್ ಹೋದೆ.’

ವರ್ಷದ ಮೇಲೆ ಅವರ ಕಣ್ಣಲ್ಲಿ ನೀರು ಕಂಡಿದ್ದು ಅವತ್ತೇ. ನನಗೆ ಹೆದರಿಕೆಯಾಯಿತು, ಸಮಾಧಾನವೂ ಆಯಿತು. ಅತ್ತರಲ್ಲ ಎಂದು. ಅದೇ ತಿಂಗಳು ನಾನು ಮತ್ತೆ ಬಸುರಿ ಎಂದು ಗೊತ್ತಾಯಿತು.

ಹೀಗೆ ಶುರುವಾಯಿತು ಆ ವರ್ಷ.

ಮೊದಲ ಶನಿವಾರವೇ ಪೇಚಾಟ. ಮನುಷ್ಯರು ಸುಮ್ಮನೆ ಕೂರಬಹುದು, ಹುಳ ಕೂರುತ್ತದೆಯೇ? ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಪೊರೆ ಕಳಚಿದ ಹುಳಕ್ಕೆ ದಿನಕ್ಕೆ ನಾಲ್ಕು ಸಲ ಸೊಪ್ಪು ಬೇಕು. ಅವರು ತಲೆ ಮೇಲೆ ಕೈ ಹೊತ್ತು ಕೂತು, ಕೊನೆಗೆ ಶುಕ್ರವಾರವೇ ಸೊಪ್ಪು ಕೊಯ್ದು ಒದ್ದೆ ಗೋಣಿಯಲ್ಲಿ ಮುಚ್ಚಿಡುವುದೆಂದು ತೀರ್ಮಾನಿಸಿದರು. ಬಾಯಿಲ್ಲದ ಜೀವಕ್ಕೆ ಉಣ್ಣಿಸುವುದು ಕೆಲಸವಲ್ಲ, ದಯೆ ಎಂದರು. ಆ ಮಾತು ಹೇಳುವಾಗ ಅವರ ಮುಖ ಹಳೆಯ ಶಾಂತರಾಜುವಿನ ಮುಖವೇ ಆಗಿತ್ತು. ಶನಿವಾರ ಒಲೆ ಹಚ್ಚಬಾರದೆಂದು ತಂಗಳು ಮುದ್ದೆ ತಿನ್ನುತ್ತಾ ಕೂತಿದ್ದಾಗ ಸಾಕಮ್ಮನವರು ಬಂದು ವಿಚಾರಿಸಿದರು. ಹೇಳಿದೆ. ‘ಶನಿವಾರ ನಮ್ಗೂ ಒಳ್ಳೇದಲ್ಲ ಬುಡವ್ವ’ ಎಂದು ಅವರು ಒಪ್ಪಿಕೊಂಡು ಹೋದರು.

ಏಪ್ರಿಲಿನಲ್ಲಿ ಪಸ್ಕ ಹಬ್ಬ ಬಂತು. ಏಳು ದಿನ ಮನೆಯಲ್ಲಿ ಹುಳಿ ಎಂಬುದೇ ಇರಬಾರದು. ದೋಸೆ ಹಿಟ್ಟಿನ ಪಾತ್ರೆ ಹೊರಗೆ ಹೋಯಿತು, ಅಂಬಲಿಯ ಮಡಕೆ ಹೋಯಿತು, ಅನುಮಾನಕ್ಕೆ ಹಾಲಿಗೆ ಹಾಕುವ ಹೆಪ್ಪೂ ತಿಪ್ಪೆಗೆ ಹೋಯಿತು. ‘ಇನ್ನೇನ್ ತಿನ್ನೋದು?’ ಎಂದೆ. ಅವರು, ‘ಮುದ್ದೆ ಐತಲ್ಲ. ಮುದ್ದೆಗೆ ಹುಳಿ ಎಲ್ಲೈತೆ?’ ಎಂದರು. ಇಬ್ಬರಿಗೂ ನಗು ಬಂತು. ನಾವು ನಕ್ಕದ್ದು ಆ ವರ್ಷ ಅದೊಂದೇ ಸಲ ಇರಬೇಕು.

ಆ ಸಂಜೆ ಅವರು ಒಂದು ಟಗರು ಮರಿ ಕೊಯ್ದರು. ಲಕ್ಕಿ ಸೊಪ್ಪಿನ ಕಟ್ಟನ್ನು ರಕ್ತದಲ್ಲಿ ಅದ್ದಿ ಬಾಗಿಲ ಎರಡೂ ಪಟ್ಟಿಗೆ, ಮೇಲಿನ ತೊಲೆಗೆ ಬಳಿದರು. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಚೊಚ್ಚಲ ಮಕ್ಕಳನ್ನು ಕೊಂದ ದೇವದೂತನು ರಕ್ತ ಕಂಡ ಮನೆಗಳನ್ನು ದಾಟಿ ಹೋದನಲ್ಲ, ಹಾಗೆ ನಮ್ಮ ಮನೆಯನ್ನೂ ದಾಟಲಿ ಎಂದು. ಪುಸ್ತಿಕೆಯಲ್ಲಿ ರಕ್ತ ಬಳಿಯಿರಿ ಎಂದು ಇರಲಿಲ್ಲ. ನಾನು ಹಾಗೆಂದಾಗ, ‘ಇರ್ಲಿ, ಹೆಚ್ಗೆ ಆದ್ರೆ ತಪ್ಪಿಲ್ಲ’ ಎಂದರು. ಬೆಳಿಗ್ಗೆ ಹೊತ್ತಿಗೆ ಊರೆಲ್ಲ ಸುದ್ದಿ. ಶಾಂತರಾಜು ಮಾಟ ಮಾಡಿಸವ್ನೆ ಎಂದರು. ನಮ್ಮ ಬಾಗಿಲ ಮುಂದೆ ಹಾಯುತ್ತಿದ್ದ ಹೆಂಗಸರು ಸುತ್ತು ಬಳಸಿ ನೀರಿಗೆ ಹೋಗತೊಡಗಿದರು. ಹಬ್ಬ ಮುಗಿದ ಮೇಲೆ ಹೆಪ್ಪು ಕೇಳಲು ಹೋದಾಗ ಕೊಟ್ಟವರು ಸಾಕಮ್ಮನವರೊಬ್ಬರೇ.

ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಕನಕಪುರದಿಂದ ಸೈಕಲ್ಲಿನಲ್ಲಿ ಬಂದರು. ಒಳ್ಳೆಯ ಮನುಷ್ಯರು. ಜಗಲಿಯಲ್ಲಿ ಕೂತು, ಕ್ರಿಸ್ತನೇ ನಮ್ಮ ಪಸ್ಕ, ಶಾಪವನ್ನೆಲ್ಲ ಆತನೇ ಹೊತ್ತಾಗಿದೆ, ಈಗ ನಮಗಿರುವುದು ಕೃಪೆ ಎಂದು ತಾಳ್ಮೆಯಿಂದ ಹೇಳಿದರು. ಯಜಮಾನರು ತಲೆ ತಗ್ಗಿಸಿಯೇ ಕೇಳಿದರು. ಎಲ್ಲ ಮುಗಿದ ಮೇಲೆ ಒಂದೇ ಮಾತು ಹೇಳಿದರು.

‘ಅಯ್ಯನೋರೇ, ನಿಮ್ಮ ಮಕ್ಳು ಬದುಕವ್ರೆ.’

ಅಯ್ಯನವರು ಲೋಟದಲ್ಲಿದ್ದ ಕಾಫಿ ಕುಡಿಯದೆ ಎದ್ದು ಹೋದರು. ಆಮೇಲೆ ನಾವು ಭಾನುವಾರದ ಆರಾಧನೆಗೂ ಹೋಗಲಿಲ್ಲ.

ಏಳು ವಾರದ ಮೇಲೆ ಇನ್ನೊಂದು ಹಬ್ಬ. ಅದಕ್ಕೆ ಹುಳಿ ಹಾಕಿದ ರೊಟ್ಟಿಯೇ ಬೇಕಂತೆ. ಏಪ್ರಿಲಿನಲ್ಲಿ ತಿಪ್ಪೆಗೆ ಎಸೆದದ್ದನ್ನು ಜೂನಿನಲ್ಲಿ ಹುಡುಕಿಕೊಂಡು ಹೋದೆವು. ಅಷ್ಟರಲ್ಲಿ ಹೊಟ್ಟೆ ಕಾಣತೊಡಗಿತ್ತು. ಆಗಿನಿಂದ ಅವರು ದಿನಾ ಸಂಜೆ ಬೈಬಲಿನ ಎಚ್ಚರಿಕೆಗಳ ಅಧ್ಯಾಯ ಓದಲು ಶುರುಮಾಡಿದರು. ಮಾತು ಕೇಳಿದವರಿಗೆ ಆಶೀರ್ವಾದ ಸ್ವಲ್ಪ, ಕೇಳದವರಿಗೆ ಶಾಪ ಉದ್ದಕ್ಕೆ. ಊರಿನಲ್ಲಿ, ಹೊಲದಲ್ಲಿ, ಹಿಟ್ಟು ನಾದುವ ಹರಿವಾಣದಲ್ಲಿ, ಹಸುವಿನ ಕರುವಿನಲ್ಲಿ. ಗರ್ಭದ ಫಲದ ಮಾತು ಬಂದಾಗ ಅವರ ದನಿ ಇಳಿಯುತ್ತಿತ್ತು. ನಾನು ಬಾಗಿಲಿಗೆ ಒರಗಿ ಕೂತು, ಸೆರಗಿನೊಳಗೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದೆ, ಮಗು ಕೇಳಿಸಿಕೊಳ್ಳಬಾರದು ಎಂಬಂತೆ.

ಮೊದಮೊದಲು ಅವರ ಸಮಾಧಾನಕ್ಕೆಂದು ಒಪ್ಪಿದ್ದೆ. ಆದರೆ ದಿನವೂ ಕೇಳಿದ್ದು ಒಳಗೆ ಇಳಿಯುತ್ತದೆ. ಮಗು ಒಂದು ಗಳಿಗೆ ಒದೆಯುವುದು ನಿಂತರೆ, ಇವತ್ತು ಏನು ತಪ್ಪಿದೆ ಎಂದು ನಾನೇ ಎಣಿಸತೊಡಗಿದೆ. ಶುಕ್ರವಾರ ಹೊತ್ತು ಮುಳುಗಿದ ಮೇಲೆ ಒಲೆಯ ಕೆಂಡ ಕೆದಕಿದೆನೋ? ಶನಿವಾರ ಹರಿದ ರವಿಕೆಗೆ ಸೂಜಿ ಹಾಕಿದೆನೋ? ಶುಕ್ರವಾರ ಮಧ್ಯಾಹ್ನವಾದರೆ ಸಾಕು, ಹೊತ್ತು ಎಲ್ಲಿಗೆ ಬಂತೆಂದು ಮತ್ತೆ ಮತ್ತೆ ಹೊರಗೆ ಬಂದು ನೋಡುತ್ತಿದ್ದೆ. ಅವರಿಗಿಂತ ನಾನೇ ಹೆಚ್ಚು ಹೆದರತೊಡಗಿದ್ದೆ ಎಂದು ಈಗ ಅನ್ನಿಸುತ್ತದೆ. ಅವರ ಹತ್ತಿರ ಪುಸ್ತಕವಾದರೂ ಇತ್ತು.

ಸೆಪ್ಟೆಂಬರಿನಲ್ಲಿ ಕೊಂಬು ಊದುವ ಹಬ್ಬ. ಅವರು ಕನಕಪುರದ ಕಸಾಯಿ ಅಂಗಡಿಯಿಂದ ಟಗರಿನ ಕೊಂಬು ತಂದು, ತುದಿ ಕೊರೆದು, ಹಿತ್ತಲಲ್ಲಿ ನಿಂತು ಊದಿದರು. ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಕೆನ್ನೆ ನೋಯುವ ತನಕ ಊದಿದರು. ಸಂಜೆ ಹೊತ್ತಿಗೆ ಕರು ಕೂಗಿದಂತೆ ಒಂದು ಸದ್ದು ಬಂತು. ನಮ್ಮ ಹಸು ಕೊಟ್ಟಿಗೆಯಿಂದ ಅದಕ್ಕೆ ಉತ್ತರ ಕೊಟ್ಟಿತು. ನಾನು ನಗಲಿಲ್ಲ. ಅವರು ಮೊಣಕಾಲೂರಿ ಅಳುತ್ತಿದ್ದರು.

ಅದಾದ ಹತ್ತನೆಯ ದಿನ ದೋಷಪರಿಹಾರದ ಉಪವಾಸ. ಹೊತ್ತು ಮುಳುಗಿದಾಗಿನಿಂದ ಮರುದಿನ ಹೊತ್ತು ಮುಳುಗುವ ತನಕ ಅನ್ನವಿಲ್ಲ, ನೀರಿಲ್ಲ. ವರ್ಷದಲ್ಲಿ ಅತಿ ಭಯಂಕರವಾದ ದಿನ ಅದು, ಅವತ್ತು ಉಪವಾಸದಿಂದ ಪ್ರಾಣವನ್ನು ಕುಗ್ಗಿಸಿಕೊಳ್ಳದವರನ್ನು ದೇವರು ಜನರ ಮಧ್ಯದಿಂದ ತೆಗೆದುಹಾಕುತ್ತಾನೆ ಎಂದು ಅವರು ಹೇಳಿದ್ದರು. ‘ನಿಂಗೆ ಆಯ್ತದಾ?’ ಎಂದು ಕೇಳಿದರು. ಬೇಡ ಎನ್ನಲು ಅವರಿಗೆ ಧೈರ್ಯವಿರಲಿಲ್ಲ. ಆಗುವುದಿಲ್ಲ ಎನ್ನಲು ನನಗೂ ಇರಲಿಲ್ಲ.

ಮಳೆ ಬಿಡುವು ಕೊಟ್ಟು ಅವತ್ತು ಬಿಸಿಲು ಕಾದಿತ್ತು. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿತು, ಕಣ್ಣು ಕತ್ತಲೆ ಬಂತು. ಬೆಳಗಿನಿಂದ ಮಗು ಅಲುಗಾಡಿರಲಿಲ್ಲ. ಅವರು ಒಳಗೆ ಗೋಡೆಗೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದರು. ನಾನು ಎದ್ದು ಬಚ್ಚಲಿಗೆ ಹೋದೆ. ಹಂಡೆಯಲ್ಲಿ ನೀರಿತ್ತು. ಚೊಂಬು ಅದ್ದಿ, ನಿಂತೇ, ಗಟಗಟ ಕುಡಿದೆ. ಬಚ್ಚಲ ಹಂಡೆಯ ಹೊಗೆ ವಾಸನೆಯ ನೀರು. ಕುಡಿದು ಮುಗಿಸುವ ಹೊತ್ತಿಗೆ ಮಗು ಒದೆಯಿತು. ಬಾಯಿ ಒರೆಸಿಕೊಂಡು ಬಂದು ಅವರ ಹಿಂದೆ ಮೊಣಕಾಲೂರಿದೆ. ಆ ಚೊಂಬು ನೀರಿನ ಮಾತನ್ನು ನಾನು ಯಾರಿಗೂ ಹೇಳಲಿಲ್ಲ.

ಐದು ದಿನಕ್ಕೆ ಪರ್ಣಶಾಲೆಗಳ ಹಬ್ಬ. ಇಸ್ರಾಯೇಲರು ಅರಣ್ಯದಲ್ಲಿ ಗುಡಿಸಲಲ್ಲಿ ಇದ್ದದ್ದರ ನೆನಪಿಗೆ ಏಳು ದಿನ ಎಲೆಯ ಚಪ್ಪರದಡಿ ವಾಸ ಮಾಡಬೇಕು. ಆ ಸಲ ಅದು ಮಂಗಳವಾರ ಶುರುವಾಯಿತು. ಅವರು ಮನೆಯ ಮುಂದೆ ನಾಲ್ಕು ಬಿದಿರು ನೆಟ್ಟು, ತೆಂಗಿನ ಗರಿ ಹೆಣೆದು ಹೊದಿಸಿದರು. ಮೊದಲ ದಿನ ಚೆಂದವೇ ಇತ್ತು. ಇದು ಸಂತೋಷದ ಹಬ್ಬ, ಸಂತೋಷವಾಗಿರಬೇಕು ಎಂದು ಪುಸ್ತಿಕೆಯಲ್ಲಿ ಬರೆದಿತ್ತು. ಅವರು ಅದನ್ನು ಆಜ್ಞೆ ಓದಿದಂತೆ ಓದಿದರು. ಬುಧವಾರದಿಂದ ಹಿಂಗಾರು ಹಿಡಿಯಿತು. ಗರಿಯ ಸಂದಿಯಿಂದ ನೀರು ತೊಟ್ಟಿಕ್ಕಿತು. ಚಾಪೆ ನೆನೆಯಿತು, ಕಂಬಳಿ ನೆನೆಯಿತು. ಹತ್ತು ಹೆಜ್ಜೆ ಆಚೆ ನಮ್ಮದೇ ಹೆಂಚಿನ ಮನೆ ಬೆಚ್ಚಗೆ ಬಾಗಿಲು ಹಾಕಿಕೊಂಡು ನಿಂತಿತ್ತು. ಅವರು ತಮ್ಮ ಕಂಬಳಿಯನ್ನೂ ನನಗೆ ಹೊದಿಸಿ, ಗೋಣಿ ಹೊದ್ದುಕೊಂಡು ಕೂತಿರುತ್ತಿದ್ದರು. ‘ಇನ್ನು ಮೂರು ದಿನ, ರೂತಿ. ಇದೊಂದು ಮುಗುದ್ರೆ ಈ ವರ್ಷದ್ದೆಲ್ಲ ಮುಗೀತು. ಆಮೇಲೆ ಯಾವ ಶಾಪಾನೂ ನಮ್ ಹತ್ರ ಬರಾಕಿಲ್ಲ.’ ನಾನು ಹೂಂ ಎಂದೆ. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸೊಂಟ ಹಿಡಿದಂತಾಗಿ ಎದ್ದು ನಿಂತೆ. ಕಾಲ ಮೇಲೆ ಬೆಚ್ಚಗೆ ಇಳಿಯಿತು. ನೋಡಿದರೆ ರಕ್ತ.

‘ನೋಡಿ ಇಲ್ಲಿ’ ಎಂದೆ. ಅವರು ನೋಡಿದರು. ಎದ್ದರು. ಚಪ್ಪರದ ಬಾಯಿಯ ತನಕ ಹೋಗಿ ನಿಂತರು. ವಾಪಸು ಬಂದರು. ಮತ್ತೆ ಹೋದರು.

‘ಇವತ್ತು ಶನಿವಾರ’ ಎಂದರು.

‘ಅವತ್ತೂ ಶನಿವಾರವೇ’ ಎಂದೆ.

ಅವರು ನೆಲಕ್ಕೆ ಕುಸಿದರು. ‘ಹೋದ್ರೆ ಆಜ್ಞೆ ಮೀರಿದಂಗೆ, ಮಗ ಹೋಯ್ತದೆ. ಹೋಗ್ದಿದ್ರೆ ಬೆನ್ನಿ ಹಂಗೇ ಹೋಯ್ತದೆ. ಏನ್ ಮಾಡ್ಲಿ ಹೇಳು. ನೀನೇ ಹೇಳ್ಬುಡು.’

ಇದು ಆ ಚೊಂಬು ನೀರಿನ ಫಲ ಎಂಬುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಆಸ್ಪತ್ರೆಗೆ ಹೋಗಿ ಏನು ಪ್ರಯೋಜನ, ತೀರ್ಪು ಆಗಿಹೋಗಿದೆ ಎಂದು ಚಾಪೆಯ ಮೇಲೆ ಒರಗಿದೆ. ಅವರಿಗೆ ಆಗ ನಾನು ಹೋಗೋಣ ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಆ ಗಳಿಗೆಯ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಸಾಕಮ್ಮನವರು ನಮ್ಮನ್ನು ಕಂಡು ಹೊರೆಯನ್ನು ಅಲ್ಲೇ ಎಸೆದು ಒಳಗೆ ನುಗ್ಗಿದರು. ನನ್ನ ಸೀರೆ ನೋಡಿದ್ದೇ ಅವರ ಬಾಯಿ ಜೋರಾಯಿತು.

‘ಏನ್ಲಾ ಶಾಂತರಾಜ, ಕುಂತಿದ್ದೀಯಲ್ಲೋ! ಎತ್ತಲಾ ಅವಳ್ನ!’

‘ಶನಿವಾರ, ಸಾಕಕ್ಕ...’

‘ನಿನ್ ಶನಿವಾರಕ್ಕೆ ಬೆಂಕಿ ಬೀಳ! ನಿನ್ ಹಸ ಬಾವಿಗ್ ಬಿದ್ರೆ ಶನಿವಾರ ಅಂತ ಬುಟ್ಬುಡ್ತೀಯೇನ್ಲಾ? ಹಗ್ಗ ತಗೊಂಡ್ ಓಡಾಕಿಲ್ವಾ?’

ಸಾಕಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ನಮ್ಮ ಗ್ರಂಥವನ್ನು ಅವರು ಮುಟ್ಟಿದವರೂ ಅಲ್ಲ. ಸಬ್ಬತ್ ದಿನ ಬಾವಿಗೆ ಬಿದ್ದ ಪಶುವಿನ ಮಾತನ್ನು ಯೇಸುಸ್ವಾಮಿ ಹೆಚ್ಚುಕಡಿಮೆ ಹೀಗೇ ಕೇಳಿದ್ದು ಅದರಲ್ಲಿದೆ. ಯಜಮಾನರು ತಲೆಯೆತ್ತಿ ಅವರನ್ನು ನೋಡಿದ ನೋಟ ನನಗೆ ನೆನಪಿದೆ. ಎದ್ದರು. ಮಡಿಲಲ್ಲಿದ್ದ ಗ್ರಂಥವನ್ನು ಒದ್ದೆಯಾಗದ ಕಡೆ ಇಟ್ಟರು. ಮೇಲಕ್ಕೆ ಮುಖವೆತ್ತಿ, ಪಕ್ಕದ ಹೊಲದವನನ್ನು ಕೂಗಿದಂತೆ ಗಟ್ಟಿಯಾಗಿ, ‘ಏನ್ ಶಿಕ್ಷೆ ಕೊಡೋದಿದ್ರೂ ನಂಗೆ ಕೊಡು. ಅವಳ್ಗೆ ಬ್ಯಾಡ!’ ಎಂದು ಕಿರುಚಿದರು. ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಳೆಯಲ್ಲಿ ರಸ್ತೆಯ ಕಡೆ ಓಡಿದರು.

ಬಸ್ಸಿನ ಹೊತ್ತಾಗಿರಲಿಲ್ಲ. ಆಲದ ಮರದ ಹತ್ತಿರ ಒಂದು ವ್ಯಾನು ನಿಂತಿತ್ತು. ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವ ರಹಮತ್ ಸಾಬರು, ಗೂಡು ಬೇಯಿಸುವ ಒಲೆಗೆ ಸೌದೆ ತುಂಬಿಸುತ್ತಿದ್ದರು. ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅರ್ಧ ತುಂಬಿದ್ದ ಸೌದೆಯನ್ನು ತಾವೇ ರಸ್ತೆಗೆ ಎಳೆದೆಳೆದು ಹಾಕಿ, ಗೋಣಿ ಹಾಸಿ ನನ್ನನ್ನು ಮಲಗಿಸಿಕೊಂಡರು. ಯಜಮಾನರೂ ಸೌದೆ ಎಳೆದು ಹಾಕಿದರು. ಹೊರೆ, ಕೆಲಸ, ಎಲ್ಲವೂ.

ದಾರಿಯಲ್ಲಿ ವ್ಯಾನು ಗುಂಡಿಗೆ ಬಿದ್ದಾಗಲೆಲ್ಲ ಪ್ರಾಣ ಹೋಗಿ ಬರುತ್ತಿತ್ತು. ನನ್ನ ತಲೆ ಯಜಮಾನರ ತೊಡೆಯ ಮೇಲಿತ್ತು. ಇನ್ನು ತಡೆಯಲಾಗಲಿಲ್ಲ.

‘ಉಪವಾಸದ ದಿನ ನಾನು ನೀರು ಕುಡಿದ್ಬುಟ್ಟೆ’ ಎಂದೆ. ‘ಹಂಡೇಲಿದ್ದ ನೀರು. ಒಂದ್ ಚೊಂಬು. ಅದಕ್ಕೇ ಇದು.’

ಅವರ ಕೈ ನನ್ನ ಕೂದಲ ಮೇಲೆ ಇದ್ದದ್ದು ಅಲ್ಲೇ ನಿಂತಿತು. ಮುಂದೆ ವ್ಯಾನು ಓಡಿಸುತ್ತಿದ್ದ ರಹಮತ್ ಸಾಬರಿಗೆ ಕೇಳಿಸಿತೆಂದು ಕಾಣುತ್ತದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, ‘ತಂಗೀ, ನಮ್ಮಲ್ಲಿ ಬಸುರಿ ಹೆಂಗಸ್ರು ಕಷ್ಟ ಆದ್ರೆ ರೋಜಾ ಉಪವಾಸ ಇಡಬೇಕಾಗಿಲ್ಲ. ಆಮೇಲೆ ಯಾವಾಗ್ಲಾದ್ರೂ ಇಟ್ಕೊಬೋದು. ಹೊಟ್ಟೇಲಿ ಇಟ್ಟವನಿಗೆ ಗೊತ್ತಿಲ್ವಾ, ಒಳಗೆ ಮಗು ಐತೆ ಅಂತ?’ ಎಂದರು. ಸ್ವಲ್ಪ ಹೊತ್ತಿಗೆ ಯಜಮಾನರ ಕೈ ಮತ್ತೆ ನನ್ನ ತಲೆ ನೇವರಿಸತೊಡಗಿತು.

ಕನಕಪುರದ ಆಸ್ಪತ್ರೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಹೆರಿಗೆಯಾಯಿತು. ಹೆಣ್ಣು ಮಗು. ಅಂಗೈಯಗಲ ಇತ್ತು ಎಂದರೆ ಸುಳ್ಳಲ್ಲ. ಮೊದಲು ಅಳಲಿಲ್ಲ. ನರ್ಸಮ್ಮ ಕಾಲು ಹಿಡಿದು ಬೆನ್ನು ತಟ್ಟಿದರು, ಉಜ್ಜಿದರು. ಬೆಕ್ಕಿನ ಮರಿಯಂತೆ ಒಂದು ಸಣ್ಣ ದನಿ ಬಂತು. ಹತ್ತಿಯಲ್ಲಿ ಸುತ್ತಿ ಬಲ್ಬಿನ ಕೆಳಗೆ ಮಲಗಿಸಿದರು. ಮೂರು ದಿನ ದಾಟಿದರೆ ಧೈರ್ಯ ಎಂದರು.

ಸಂಜೆ ಡಾಕ್ಟರಮ್ಮ ಸುತ್ತು ಬಂದಾಗ ಯಜಮಾನರು ಬಾಗಿಲ ಹೊರಗಿನಿಂದಲೇ ಕೇಳಿದರು. ‘ಯಾಕ್ ಹಿಂಗಾಯ್ತು, ಡಾಕ್ಟ್ರಮ್ಮ?’

‘ಮಾಸು ಸ್ವಲ್ಪ ಮುಂಚೆ ಬಿಟ್ಟುಕೊಂಡಿದೆ. ಕೆಲವರಿಗೆ ಆಗುತ್ತೆ.’

‘ಅಲ್ಲ, ಯಾಕಾಯ್ತು?’

‘ಯಾಕೆ ಅಂತ ಹೇಳೋಕಾಗಲ್ಲಪ್ಪ. ಚೆನ್ನಾಗಿ ಉಂಡು ಚೆನ್ನಾಗಿ ಇದ್ದವರಿಗೂ ಆಗುತ್ತೆ. ಕರೆಕೊಂಡು ಬಂದ್ರಲ್ಲ, ಅದೇ ಒಳ್ಳೇದಾಯ್ತು.’

ಅವರು ಮೂರನೆಯ ಸಲವೂ ಕೇಳಿದರು. ಡಾಕ್ಟರಮ್ಮ ಮುಂದಿನ ಮಂಚಕ್ಕೆ ಹೋಗಿಯಾಗಿತ್ತು. ಯಜಮಾನರು ಅಂಗಳಕ್ಕೆ ಇಳಿದು ಹೋದರು. ಶಾಪ ಎಂದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಕಾರಣವಿಲ್ಲ ಎಂಬ ಮಾತನ್ನು ಅವರಿಂದ ತಡೆಯಲಾ‌ಗಲಿಲ್ಲ.

ಮಗುವನ್ನು ಅವರು ನೋಡಲಿಲ್ಲ. ಭಾನುವಾರ ನೋಡಲಿಲ್ಲ, ಸೋಮವಾರ ನೋಡಲಿಲ್ಲ. ಆಸ್ಪತ್ರೆಯ ಅಂಗಳದ ಹೊಂಗೆ ಮರದ ಕೆಳಗೆ ಕೂತಿರುತ್ತಿದ್ದರು. ಊಟ ತಂದು ಬಾಗಿಲಲ್ಲಿ ಕೊಟ್ಟು ಹೋಗುತ್ತಿದ್ದರು. ‘ಉಸಿರಾಡ್ತಾ ಐತಾ?’ ಎಂದು ಕೇಳುತ್ತಿದ್ದರು, ಅಷ್ಟೇ. ಒಳಗೆ ಬನ್ನಿ ಎಂದರೆ ಹಿಂದೆ ಸರಿಯುತ್ತಿದ್ದರು. ತಾನು ಸಬ್ಬತ್ ಮುರಿದವನು, ತನ್ನ ಕಣ್ಣು ಬಿದ್ದರೆ ದೇವರಿಗೆ ನೆನಪಾದೀತು ಎಂದು ಅವರಿಗೆ ಭಯ. ನನಗೂ ಭಯವಿತ್ತು. ಆದರೆ ಮಗು ಎದೆ ಕಚ್ಚಿದಾಗ ಆ ನೋವಿನಲ್ಲಿ ಬೇರೆ ಯಾವ ಲೆಕ್ಕಕ್ಕೂ ಜಾಗವಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು, ‘ಹಬ್ಬ ಮುಗೀತು’ ಎಂದರು. ‘ಏನೂ ಆಗ್ಲಿಲ್ಲ.’

‘ಬನ್ನಿ. ಎತ್ಕೊಳ್ಳಿ.’

‘ಬ್ಯಾಡ.’

‘ನನ್ನ ಕೈ ಸೋತೈತೆ’ ಎಂದೆ. ಅದು ಸುಳ್ಳೇನಲ್ಲ. ಅವರು ಒಳಗೆ ಬಂದು, ಕೈಯನ್ನು ಪಂಚೆಗೆ ಎರಡೆರಡು ಸಲ ಒರೆಸಿಕೊಂಡು, ಮಗುವನ್ನು ತೆಗೆದುಕೊಂಡರು. ನೋಡುತ್ತಾ ನಿಂತರು. ಆಮೇಲೆ ಹೆಬ್ಬೆರಳಿನ ಹಿಂಭಾಗವನ್ನು ಅದರ ಹಣೆಗೆ ಮುಟ್ಟಿಸಿ, ತುಂಬ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

ಹನ್ನೆರಡನೆಯ ದಿನ ನಮ್ಮನ್ನು ಮನೆಗೆ ಕಳಿಸಿದರು. ಊರಿಗೆ ಇನ್ನೂ ಅರ್ಧ ಮೈಲಿ ಇರುವಾಗಲೇ ಯಜಮಾನರು ಕಂಡಕ್ಟರಿಗೆ ಹೇಳಿ ಬಸ್ಸು ನಿಲ್ಲಿಸಿದರು. ಅಲ್ಲಿ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಆರು ಮನೆಯವರ ಸಮಾಧಿ ಜಾಗ. ಬೆನ್ನಿಯನ್ನು ಮಣ್ಣು ಮಾಡಿದ ಮೇಲೆ ಅವರು ಅತ್ತ ಕಾಲಿಟ್ಟಿರಲಿಲ್ಲ. ಮಳೆಗೆ ಗರಿಕೆ ಮೊಣಕಾಲೆತ್ತರ ಬೆಳೆದಿತ್ತು. ಅವರು ಮಗುವನ್ನು ನನ್ನ ಕೈಗೆ ಕೊಟ್ಟು, ಗರಿಕೆ ಕಿತ್ತು, ಆ ಗೇಣೆತ್ತರದ ಗುಡ್ಡೆಯನ್ನು ಬಿಡಿಸಿದರು. ಪಕ್ಕದಲ್ಲಿ ಕೂತರು. ಪ್ರಾರ್ಥನೆ ಮಾಡುತ್ತಾರೆ ಎಂದುಕೊಂಡೆ. ಅವರು ಮಗನ ಜೊತೆ ಮಾತಾಡಿದರು.

‘ಶನಿವಾರ ಅಂತ ಅಲ್ಲ ಕಣ್ ಮಗಾ’ ಎಂದರು. ‘ನಿನ್ ಹಣೆ ಸುಡ್ತಿತ್ತು. ಬೆಚ್ಚಗೈತೆ ಅಂತ ನಿಮ್ಮವ್ವಂಗೆ ಸುಳ್ಳೇಳ್ದೆ. ನಂಗ್ ಗೊತ್ತಿತ್ತು. ಗೂಡು ತೂತಾಯ್ತದೆ ಅಂತ ಹೋದೆ. ನಾನ್ ಹೋಗ್ಬಾರ್ದಾಗಿತ್ತು, ಮಗಾ. ಯಾವ ವಾರ ಆಗಿದ್ರೂ ಹೋಗ್ಬಾರ್ದಾಗಿತ್ತು.’

ನಾನು ಇದನ್ನು ಮೊದಲ ಸಲ ಕೇಳುತ್ತಿದ್ದೆ. ಅಲ್ಲೇ ಕಲ್ಲಿನ ಮೇಲೆ ಕೂತೆ. ಕೂಗಬೇಕು, ಅವರನ್ನು ಹೊಡೆಯಬೇಕು ಎನ್ನಿಸಿತು. ಅದೇ ಹೊತ್ತಿಗೆ ಮಗು ಎದ್ದು ಅಳತೊಡಗಿತು. ಅವರು ತಿರುಗಿ ನೋಡಿದರು, ನಾನು ಏನು ಹೇಳುತ್ತೇನೋ ಎಂದು ಕಾಯುತ್ತಾ. ನಾನು ರವಿಕೆಯ ಗುಂಡಿ ಬಿಚ್ಚಿ ಮಗುವಿಗೆ ಹಾಲು ಕೊಟ್ಟೆ. ಕುಡಿದು ಮುಗಿಯುವ ತನಕ ಮೂವರೂ ಬೆನ್ನಿಯ ಹತ್ತಿರವೇ ಕೂತಿದ್ದೆವು.